ಬಗ್ಗಿಗೆ ಯಾರು ಎಣ್ಣೆ ಹಾಕಿದ್ದು?

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಸಮತಟ್ಟಾದ ಜಾಗ ಇದ್ದದ್ದು ಒಂದೇ, ಅಡುಗೆಮನೆಯ ಗ್ರಾನೈಟ್ ಕಟ್ಟೆ. ಹಾಲಿನ ನೆಲ ಬಾಲ್ಕನಿಯ ಕಡೆಗೂ ಮಲಗುವ ಕೋಣೆಯ ನೆಲ ಬಾತ್‌ರೂಮಿನ ಕಡೆಗೂ ವಾಲಿದೆ ಎಂದು ಕಂಡುಹಿಡಿದವರು ನನ್ನ ಗಂಡ. ಮದುವೆಯಾಗಿ ಬಂದಾಗಿನಿಂದ ಅದೇ ನೆಲದ ಮೇಲೆ ಓಡಾಡಿದ ನನಗೆ ಇದು ಗೊತ್ತಿರಲಿಲ್ಲ. ಗೊತ್ತಾಗಬೇಕಾದ ದರ್ದೂ ಇರಲಿಲ್ಲ. ಆದರೆ ನನ್ನ ತಮ್ಮನ ಬಗ್ಗಿಗೆ ಸಮತಟ್ಟು ನೆಲವೇ ಬೇಕಿತ್ತು. ಹಾಗಾಗಿ ಭಾನುವಾರ ನಾನು ಕಾಯಿ ತುರಿಯಲು ಹೋದರೆ ಕಟ್ಟೆಯ ಮೇಲೆ ಮಣ್ಣು ಮೆತ್ತಿದ ನಾಲ್ಕು ಟಯರು, ಅದರ ಎರಡೂ ಬದಿಗೆ ಬಾಗಿ ನಿಂತ ಇಬ್ಬರು ಗಂಡಸರು.

ಎರಡು ಸಾವಿರದ ಹತ್ತರ ಆಚೀಚೆಯ ಮಾತು ಇದು. ಬಗ್ಗಿ ಎಂದರೆ ಬ್ಯಾಟರಿಯಿಂದ ಓಡುವ, ಕೈಯಲ್ಲಿ ರಿಮೋಟ್ ಹಿಡಿದು ಓಡಿಸುವ, ಒಂದು ಮೊಳ ಉದ್ದದ ಕಾರು. ಆಟಿಕೆ ಎಂದರೆ ಇಬ್ಬರಿಗೂ ಸಿಟ್ಟು ನೆತ್ತಿಗೇರುತ್ತಿತ್ತು. ಅದು ಆಟಿಕೆಯಲ್ಲವಂತೆ. ನಿಜವಾದ ರೇಸ್ ಕಾರಿಗಿರುವ ಎಲ್ಲವೂ ಅದಕ್ಕಿದೆಯಂತೆ. ಇತ್ತು ನಿಜ, ಅದರಿಂದಲೇ ನನಗೆ ತಲೆನೋವು. ನಾಲ್ಕು ಚಕ್ರಕ್ಕೆ ನಾಲ್ಕು ಶಾಕ್ ಅಬ್ಸಾರ್ಬರ್. ನನ್ನ ಕಿರುಬೆರಳಿನಷ್ಟು ಉದ್ದದ ಕೊಳವೆ, ಹೊರಗೆ ಸುತ್ತಿದ ಸ್ಪ್ರಿಂಗು, ಒಳಗೆ ಎಣ್ಣೆ. ಹಳ್ಳದಿಣ್ಣೆ ಬಂದಾಗ ಸ್ಪ್ರಿಂಗು ಕುಗ್ಗಿ ಹಾರುತ್ತದೆ, ಒಳಗಿನ ಎಣ್ಣೆ ಅದನ್ನು ಹಾರದಂತೆ ತಡೆದು ಸಮಾಧಾನ ಮಾಡುತ್ತದೆ. ಎಣ್ಣೆ ತೀರಾ ತೆಳುವಾದರೆ ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ, ತೀರಾ ದಪ್ಪವಾದರೆ ಮರದ ಮಣೆಯಂತೆ ಬಿಗಿಯುತ್ತದೆ. ಇದೆಲ್ಲ ನನಗೆ ಯಾಕೆ ಗೊತ್ತು ಎಂದರೆ, ವಾರಗಟ್ಟಲೆ ಇಡ್ಲಿ ಬೇಯಿಸುತ್ತಾ ಇದನ್ನೇ ಕೇಳಿಸಿಕೊಂಡಿದ್ದೇನೆ. ನನ್ನ ತವರಿನಲ್ಲಿ ಎಲ್ಲರೂ ಸ್ಪ್ರಿಂಗುಗಳೇ, ಎಣ್ಣೆ ಅಂತ ಇರುವವಳು ನಾನೊಬ್ಬಳೇ ಎಂದು ಒಮ್ಮೆ ಹೇಳಿದೆ. ನನ್ನವರು ತಲೆ ಎತ್ತಿ, "ನೀನಾ?" ಅಂದರು. ಆ ದಿನ ಅವರಿಗೆ ಚಟ್ನಿ ಸಿಗಲಿಲ್ಲ.

ನನ್ನವರು ಮೈಸೂರಿನವರು. ಫೈನಾನ್ಸ್ ಕಂಪನಿಯ ಕೆಲಸ. ಏನನ್ನೂ ಅಳೆಯದೆ ನಂಬುವ ಪೈಕಿಯಲ್ಲ. ಬಗ್ಗಿಯ ಒಂದೊಂದು ಮೂಲೆಯ ತೂಕ ನೋಡಲು ನನ್ನ ಅಡುಗೆಮನೆಯ ತಕ್ಕಡಿಯನ್ನೇ ಎತ್ತಿಕೊಂಡು ಹೋದವರು. ತಮ್ಮ ಅದಕ್ಕೆ ಪೂರಾ ಉಲ್ಟಾ. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ, ಬೆರಳಿನಿಂದ ಒತ್ತಿ ನೋಡಿದರೆ ಅವನಿಗೆ ಸಾಕು. ಇವರು, "ಇಲ್ಲ ಕಣಯ್ಯಾ, ಹಿಂದುಗಡೆ ಒಂದು ನೂಲು ಕೆಳಗಿದೆ, ಸ್ಕೇಲ್ ನೋಡು," ಅನ್ನುವುದು. ಅವನು, "ಭಾವ, ಸ್ಕೇಲ್ ಗಾಡಿ ಓಡಿಸ್ತದಾ? ನಾನಲ್ವಾ ಓಡಿಸುವುದು?" ಅನ್ನುವುದು. ಇವರು ಬುಧವಾರ ಬಿಗಿ ಮಾಡಿದ್ದನ್ನು ಅವನು ಭಾನುವಾರ ಸಡಿಲ ಮಾಡುವುದು. ಗಾಡಿ ಒಂದೇ ರೀತಿಯಲ್ಲಿ ಎರಡು ವಾರ ಇದ್ದದ್ದು ನಾನು ನೋಡಿಲ್ಲ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿತ್ತು. ತಮ್ಮ ಇದ್ದದ್ದು ನೆರೂಳದಲ್ಲಿ, ಗೆಳೆಯರ ಜೊತೆ ಬಾಡಿಗೆ ಕೋಣೆಯಲ್ಲಿ. ಗಾಡಿ ಓಡಿಸುವ ಮೈದಾನವೂ ನೆರೂಳದಲ್ಲೇ, ಖಾಲಿ ಬಿದ್ದ ಒಂದು ಪ್ಲಾಟಿನಲ್ಲಿ. ಗಾಡಿ ಇಡುವುದು ಮಾತ್ರ ಡೊಂಬಿವಲಿಯ ನನ್ನ ಬಾಲ್ಕನಿಯಲ್ಲಿ. ಕೋಣೆಯಲ್ಲಿ ಜಾಗ ಇಲ್ಲ, ಯಾರೋ ಅದರ ಮೇಲೆ ಕೂತುಬಿಟ್ಟರು ಎಂದು ನೆಪ ಹೇಳುತ್ತಿದ್ದ. ವಾರವಾರವೂ ನೆರೂಳದಿಂದ ಠಾಣೆಗೆ ಬಂದು, ಅಲ್ಲಿ ರೈಲು ಬದಲಿಸಿ, ಡೊಂಬಿವಲಿಗೆ ಬಂದು ಗಾಡಿ ತೆಗೆದುಕೊಂಡು ಮತ್ತೆ ವಾಪಸ್. ಇಂಥ ಬುದ್ಧಿವಂತಿಕೆ ಬೇರೆ ಯಾರಿಗೆ ಬರಬೇಕು! ನಾನು ಒಂದು ದಿನವೂ ಬೇಡ ಅನ್ನಲಿಲ್ಲ. ಗಾಡಿ ಇಲ್ಲಿದ್ದರೆ ಅವನು ಬರುತ್ತಾನೆ, ಅಷ್ಟೇ.

ಅವನು ರೈಲು ಬದಲಿಸುವ ಠಾಣೆಯಲ್ಲೇ ನಮ್ಮ ಅಪ್ಪ ಅಮ್ಮ ಇದ್ದರು. ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿಗಳ ನಡುವೆ ಅಪ್ಪನ ಹೋಟೆಲು ಇತ್ತು. ಉಡುಪಿ ಕಡೆಯಿಂದ ಹುಡುಗನಾಗಿ ಬಂದು, ಬೇರೆಯವರ ಹೋಟೆಲಿನಲ್ಲಿ ಲೋಟ ತೊಳೆದು, ಕೊನೆಗೆ ತನ್ನದೇ ಎಂದು ಮಾಡಿಕೊಂಡದ್ದು. ತಮ್ಮ ಗಲ್ಲಾದ ಮೇಲೆ ಕೂರಲು ಒಪ್ಪಲಿಲ್ಲ. ಅಪ್ಪ ಸಿಟ್ಟಿನಲ್ಲಿ, "ನನ್ನ ಹೋಟೆಲು ಬೇಡದವನಿಗೆ ನನ್ನ ಮನೆಯ ಊಟವೂ ಬೇಡ," ಅಂದುಬಿಟ್ಟರು. ಬೇರೆ ಮಕ್ಕಳಾದರೆ ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಬಂದು ಉಣ್ಣುತ್ತಾರೆ. ಇವನು ಅದನ್ನು ಅಕ್ಷರಕ್ಕಕ್ಷರ ನಡೆಸಿದ. ಅಪ್ಪ ಹೋಟೆಲನ್ನು ಬೇರೆಯವರಿಗೆ ನಡೆಸಲು ಬಿಟ್ಟುಕೊಟ್ಟರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ವರ್ಷಗಳೇ ಕಳೆದಿದ್ದವು.

ಭಾನುವಾರ ತಮ್ಮ ಬಂದರೆ ಗುರುವಾರ ಅಪ್ಪ ಬರುತ್ತಿದ್ದರು. ಕೈಯಲ್ಲಿ ಅಮ್ಮ ಕೊಟ್ಟ ಡಬ್ಬಿ. ಅದರಲ್ಲಿ ಹಲಸಿನ ಹಪ್ಪಳವೋ ಪತ್ರೊಡೆಯೋ ಇರುತ್ತಿತ್ತು. ಹಲಸಿನ ಹಪ್ಪಳ ನನಗೆ ಸೇರುವುದಿಲ್ಲ, ಹುಟ್ಟಿದಾಗಿನಿಂದ ಸೇರಿದ್ದಿಲ್ಲ. "ಇದು ನಿಂಗೆ ಅಂತ ಕೊಟ್ಟಿದ್ದಾಳೆ," ಎಂದು ಅಪ್ಪ ಗಂಭೀರವಾಗಿ ಹೇಳುತ್ತಿದ್ದರು. ನಾನೂ ಗಂಭೀರವಾಗಿ ತೆಗೆದಿಟ್ಟು ಭಾನುವಾರ ತಮ್ಮನಿಗೆ ಕರಿದು ಹಾಕುತ್ತಿದ್ದೆ. ಅವನು ತಿಂದು, "ಉಪ್ಪು ಸ್ವಲ್ಪ ಕಮ್ಮಿ ಉಂಟು," ಎಂದು ಗೋಡೆಗೆ ಹೇಳುತ್ತಿದ್ದ. ಮುಂದಿನ ಡಬ್ಬಿಯಲ್ಲಿ ಉಪ್ಪು ಸರಿ ಇರುತ್ತಿತ್ತು, ಯಾಕೆಂದರೆ ಅದನ್ನೂ ಮುಟ್ಟಿಸುತ್ತಿದ್ದವಳು ನಾನೇ. ನಾನೇನು ಟಪಾಲು ಕಚೇರಿಯೇ ಎಂದು ಎಷ್ಟು ಸಲ ಕಿರುಚಿದ್ದೇನೋ!

ಅಪ್ಪ ಬಂದವರು ಬಾಲ್ಕನಿಯ ಬಿಸಿಲಿಗೆ ಕುರ್ಚಿ ಹಾಕಿ ಕೂರುತ್ತಿದ್ದರು. ಪಕ್ಕದಲ್ಲೇ ಪೇಪರಿನ ಮೇಲೆ ಬಗ್ಗಿ. "ಪ್ರಾಯ ಬಂದವರು ಆಡುವ ಆಟವಾ ಇದು?" ಎಂದು ಮೂಗು ಮುರಿಯುತ್ತಿದ್ದರು. ನಾನು ಒಳಗೆ ಹೋದ ಕೂಡಲೇ ಬಗ್ಗಿಯ ಬೆನ್ನನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಕಿಟಕಿಯ ಗಾಜಿನಲ್ಲಿ ನನಗೆ ಕಾಣುತ್ತಿತ್ತು. ತಮ್ಮ ಒತ್ತುವ ಹಾಗೆಯೇ, ಅದೇ ಬೆರಳು, ಅದೇ ರೀತಿ ಕತ್ತು ವಾಲಿಸಿ ನೋಡುವುದು. ಅಪ್ಪನ ಎಣ್ಣೆ ಸ್ನಾನವೂ ನನ್ನ ಮನೆಯಲ್ಲೇ. ಊರಿನ ಗಾಣದ ತೆಂಗಿನೆಣ್ಣೆಗೆ ಮೆಂತೆ, ಕರಿಬೇವು ಹಾಕಿ ಅಪ್ಪನೇ ಕಾಯಿಸಿದ ಎಣ್ಣೆಯ ಬಾಟ್ಲಿ ನಮ್ಮ ಬಾತ್‌ರೂಮಿನಲ್ಲಿ ಕಾಯಂ ಇರುತ್ತಿತ್ತು. ಆ ವಾಸನೆ ನಮ್ಮ ಬಾಲ್ಯದ ವಾಸನೆ. ಶಾಲೆಯಲ್ಲಿ ತಮ್ಮನನ್ನು "ನಾರಿಯಲ್", ತೆಂಗಿನಕಾಯಿ, ಎಂದು ಛೇಡಿಸುತ್ತಿದ್ದರು, ಅವನು ಅಳುತ್ತಾ ಬಂದು ಸೋಪು ಹಾಕಿ ತಲೆ ತೊಳೆಯುತ್ತಿದ್ದ. ಅಪ್ಪನಿಗೆ ತಲೆಗೂ ಅದೇ, ಬಾಗಿಲ ಕೀಲಿಗೂ ಅದೇ, ಕತ್ತರಿಗೂ ಅದೇ, ಹೋಟೆಲಿನ ಶಟರಿಗೂ ಗ್ರೈಂಡರಿಗೂ ಅದೇ ಎಣ್ಣೆ.

ಹೀಗೆ ನಡೆಯುತ್ತಿರುವಾಗ ತಮ್ಮನಿಗೆ ಮದುವೆ ಗೊತ್ತಾಗುವ ಹಂತಕ್ಕೆ ಬಂತು. ಹುಡುಗಿ ಡೊಂಬಿವಲಿಯ ಆಚೆಗಿನ ಕಲ್ಯಾಣ ಊರಿನವಳು, ಮರಾಠಿ ಮನೆ. ಇಬ್ಬರೂ ಮೆಚ್ಚಿಕೊಂಡದ್ದು. ಹುಡುಗಿಯ ತಂದೆಗೆ ಜಾತಿ, ಭಾಷೆಯ ತಕರಾರೇನೂ ಇರಲಿಲ್ಲ. ತಕರಾರು ಒಂದೇ. ಅಪ್ಪ ಗಟ್ಟಿಮುಟ್ಟಾಗಿ ಪಕ್ಕದ ಊರಿನಲ್ಲಿದ್ದೂ ಮಾತುಕತೆಗೆ ಬರುವುದಿಲ್ಲ ಎಂದರೆ ಆ ಮನೆಗೆ ಹೆಣ್ಣು ಕೊಡುವುದು ಹೇಗೆ ಎಂದು ಕೇಳಿದ್ದರು. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಮಾತುಕತೆ, ಹುಡುಗನ ಅಪ್ಪ ಬರಲೇಬೇಕು, ಇಲ್ಲದಿದ್ದರೆ ಈ ಮಾತು ಇಲ್ಲಿಗೇ ಬಿಡೋಣ ಎಂದಿದ್ದರು. ಅವರು ಹೇಳಿದ್ದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ.

ಅಪ್ಪನಿಗೆ ಹೇಳಿದೆ. "ಹೇಳುವವನು ಬಂದು ಹೇಳಲಿ," ಅಂದರು. ತಮ್ಮನಿಗೆ ಹೇಳಿದೆ. "ಊಟ ಬೇಡ ಅಂದವರು ಅವರು. ಬಾ ಅಂತ ಅವರೇ ಕರೀಲಿ," ಅಂದ. ಮತ್ತೆ ಅಪ್ಪನಿಗೆ, ಮತ್ತೆ ತಮ್ಮನಿಗೆ. ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಆ ಹುಡುಗಿ ನನಗೇ ಫೋನ್ ಮಾಡಿ, "ತಾಈ, ಪಪ್ಪಾ ಮಾನ್‌ಲೇ ಕಾ?" ಅಕ್ಕಾ, ಅಪ್ಪ ಒಪ್ಪಿದರೇ ಎಂದು ಕೇಳುವಳು. ಏನೆಂದು ಹೇಳಲಿ? ಇಬ್ಬರನ್ನೂ ಒಂದೇ ಲಿಫ್ಟಿನಲ್ಲಿ ಕೂಡಿ ಹಾಕಿ ಕರೆಂಟ್ ತೆಗೆದುಬಿಡಬೇಕು ಅನ್ನಿಸುವಷ್ಟು ರೋಸಿಹೋಗಿದ್ದೆ.

ಈ ನಡುವೆ ಇವರಿಬ್ಬರಿಗೆ ರೇಸಿನ ಹುಚ್ಚು. ಮಾತುಕತೆಗೆ ಒಂದು ವಾರ ಮುಂಚಿನ ಭಾನುವಾರ ನೆರೂಳದಲ್ಲಿ ರೇಸು. ತಮ್ಮನಿಗೆ ಶನಿವಾರ ರಾತ್ರಿ ಡ್ಯೂಟಿ, ಡೊಂಬಿವಲಿಗೆ ಬರಲಾಗುವುದಿಲ್ಲ. ಗಾಡಿಯನ್ನು ಭಾವನೇ ತರಬೇಕು. ನನ್ನವರಿಗೆ ಸ್ವರ್ಗಕ್ಕೆ ಮೂರೇ ಗೇಣು. ಬುಧವಾರ ಸಂಜೆ ಕಟ್ಟೆಯ ಮೇಲೆ ಗಾಡಿ ಹತ್ತಿಸಿ, ನಾಲ್ಕೂ ಮೂಲೆ ಅಳೆದು, ಎಲ್ಲ ತಮಗೆ ಬೇಕಾದ ಹಾಗೆ ಸೆಟ್ ಮಾಡಿ, ಬಾಲ್ಕನಿಯಲ್ಲಿಟ್ಟು, "ನೋಡೇ, ಇನ್ನು ಭಾನುವಾರದ ತನಕ ಇದನ್ನ ಯಾರೂ ಮುಟ್ಟಕೂಡದು. ನಾನೂ ಮುಟ್ಟಲ್ಲ," ಎಂದು ಆಣೆ ಮಾಡಿದ ಹಾಗೆ ಹೇಳಿದರು. ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮ. ಬರೀ ಒಮ್ಮೆ ಒತ್ತಿ ನೋಡಿದ್ದರೂ ಸಾಕಿತ್ತು.

ಭಾನುವಾರ ಬೆಳಗ್ಗೆ ನಾನೂ ಹೊರಟೆ. ರೇಸು ನೋಡಲಿಕ್ಕಲ್ಲ, ತಮ್ಮನ ಕಿವಿ ಹಿಂಡಿ ಅಪ್ಪನಿಗೆ ಫೋನ್ ಮಾಡಿಸಲಿಕ್ಕೆ. ಆ ವರ್ಷ ಜನವರಿಯ ಚಳಿ ನಮಗೆ ಅಪರೂಪದ್ದು. ಲೋಕಲಿನಲ್ಲಿ ಜನ ಮಫ್ಲರ್ ಸುತ್ತಿಕೊಂಡು ಕೂತಿದ್ದರು, ಕಿಟಕಿಗಳೆಲ್ಲ ಮುಚ್ಚಿದ್ದವು. ನನ್ನವರು ಗಾಡಿಯ ಚೀಲವನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು.

ಮೈದಾನದಲ್ಲಿ ಹತ್ತಾರು ಗಂಡಸರು ಟಾರ್ಪಾಲಿನ ಮೇಲೆ ಕೂತು ತಂತಮ್ಮ ಗಾಡಿಗಳ ಬೆನ್ನು ಒತ್ತುತ್ತಿದ್ದರು. ತಮ್ಮ ಡ್ಯೂಟಿ ಮುಗಿಸಿ ಕೆಂಪು ಕಣ್ಣಿನಲ್ಲೇ ಬಂದಿದ್ದ. ನಾನು ಬಾಯಿ ತೆರೆಯುವ ಮೊದಲೇ, "ಅಕ್ಕ, ಮತ್ತೆ ಮಾತಾಡುವ, ಈಗ ಪ್ರ್ಯಾಕ್ಟೀಸಿನ ಟೈಮು," ಎಂದು ಗಾಡಿಯನ್ನು ನೆಲಕ್ಕಿಟ್ಟು ಬಿಟ್ಟೇಬಿಟ್ಟ. ಗಾಡಿ ಮೊದಲನೆಯ ಮಣ್ಣಿನ ದಿಬ್ಬಕ್ಕೆ ಹೋಯಿತು. ಮುಂದಿನ ಚಕ್ರಗಳು ಚೆಂದವಾಗಿ ಹತ್ತಿದವು. ಹಿಂದಿನವು ದಿಬ್ಬಕ್ಕೆ ಬಡಿದು, ಗಾಡಿ ಹಿಂದಿನಿಂದ ಒದೆ ತಿಂದ ಹಾಗೆ ಪಲ್ಟಿ ಹೊಡೆದು ಬೆನ್ನ ಮೇಲೆ ಬಿತ್ತು. ಎತ್ತಿಟ್ಟ. ಮತ್ತೆ ಪಲ್ಟಿ. ಯಾರೋ, "ಅರೇ, ಪೀಛೇ ಲಕಡೀ ಲಗಾಯಾ ಹೈ ಕ್ಯಾ?" ಎಂದು, ಹಿಂದೆ ಮರದ ತುಂಡು ಕಟ್ಟಿದ್ದೀಯಾ ಎಂದು ಕೂಗಿದರು. ಸುತ್ತಲಿದ್ದವರೆಲ್ಲ ನಕ್ಕರು.

"ಭಾವ! ಎಂತ ಮಾಡಿದ್ದು ನೀವು ಇದಕ್ಕೆ?"

"ನಾನೇನಯ್ಯಾ ಮಾಡ್ಲಿ? ಬುಧವಾರ ಪರ್ಫೆಕ್ಟಾಗಿತ್ತು. ನೀನು ಓಡಿಸೋದೇ ಹಾಗೆ!"

"ಹಿಂದೆ ಒತ್ತಿ ನೋಡಿ, ಕಲ್ಲು! ಅಳೆದು ಅಳೆದು ಕಲ್ಲು ಮಾಡಿಟ್ಟಿದ್ದೀರಿ!"

ಅಷ್ಟು ಜನರ ನಡುವೆ ಇಬ್ಬರು ದೊಡ್ಡ ಗಂಡಸರು ಮೊಳ ಉದ್ದದ ಕಾರಿಗೆ ಕಿತ್ತಾಡುತ್ತಿದ್ದರು. ಒಂದು ವಾರದಲ್ಲಿ ಒಂದು ಮದುವೆ ಮುರಿದು ಬೀಳುವುದರಲ್ಲಿತ್ತು. ನನಗೆ ತಡೆಯಲಾಗಲಿಲ್ಲ. "ಬಾಯಿ ಮುಚ್ಚಿ ಇಬ್ಬರೂ! ಮೊದಲು ಅದನ್ನು ಬಿಚ್ಚಿ ನೋಡಿ!" ಎಂದು ಕಿರುಚಿದೆ. ಪಕ್ಕದ ಟಾರ್ಪಾಲಿನವರೂ ಬಾಯಿ ಮುಚ್ಚಿದರು.

ತಮ್ಮ ಹಿಂದಿನ ಒಂದು ಶಾಕ್ ಅಬ್ಸಾರ್ಬರನ್ನು ಕಳಚಿ ಮೇಲಿನ ಮುಚ್ಚಳ ತಿರುಗಿಸಿದ. ನೀರಿನ ಹಾಗೆ ತಿಳಿಯಾದ ಸಿಲಿಕೋನ್ ಎಣ್ಣೆ ಇರಬೇಕಾದ ಜಾಗದಲ್ಲಿ ಬೆಳ್ಳಗೆ ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. "ಗ್ರೀಸಾ?" ಅಂದರು ನನ್ನವರು. ತಮ್ಮ ಬೆರಳಿನ ತುದಿಗೆ ಸ್ವಲ್ಪ ತೆಗೆದ. ಬೆರಳಿನ ಬಿಸಿಗೆ ಅದು ಕರಗಿತು. ಮೂಗಿನ ಹತ್ತಿರ ಹಿಡಿದ. ಆಮೇಲೆ ಬೆರಳನ್ನು ನನ್ನ ಮೂಗಿಗೆ ಚಾಚಿದ.

ತೆಂಗಿನೆಣ್ಣೆ, ಮೆಂತೆ, ಕರಿಬೇವು.

ಗುರುವಾರ ನಾನು ತರಕಾರಿಗೆ ಕೆಳಗೆ ಹೋಗಿದ್ದೆ. ಬರುವಷ್ಟರಲ್ಲಿ ಬಗ್ಗಿಯ ಕೆಳಗಿನ ಪೇಪರು ಹೊಸದಾಗಿತ್ತು. ಅಪ್ಪ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ, "ಆದಿತ್ಯವಾರ ಓಡಿಸ್ಲಿಕ್ಕುಂಟಲ್ಲ?" ಎಂದು ಕೇಳಿದ್ದರು. ಹೂಂ ಅಂದಿದ್ದೆ. ಈಗ ಅರ್ಥವಾಯಿತು.

"ಅಪ್ಪ," ಅಂದೆ.

"ಗೊತ್ತಾಯ್ತು," ಅಂದ ತಮ್ಮ. ಕುಕ್ಕರುಗಾಲಿನಲ್ಲಿ ಕೂತು ಹಿಂದಿನ ಇನ್ನೊಂದನ್ನೂ ಬಿಚ್ಚಿದ, ಅದರಲ್ಲೂ ಅದೇ. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು ಎದ್ದ. "ಅಕ್ಕ, ಫೋನ್ ಕೊಡು."

ಅಪ್ಪ ಫೋನಿನಲ್ಲಿ ಮಾತಾಡುವುದು ಠಾಣೆಯಿಂದ ನೇರವಾಗಿ ಕೂಗಿದ ಹಾಗೆ. ನಾನು ದೂರ ನಿಂತರೂ ಕೇಳುತ್ತಿತ್ತು. ನಾನೇ ಎಂದುಕೊಂಡು, "ಎಂತ ಮಗಾ?" ಅಂದರು.

"ಈರೆಗ್ ಏರ್ ಪಂಡಿನಿ?" ಎಂದ ತಮ್ಮ ತುಳುವಿನಲ್ಲಿ. ನಿಮಗೆ ಯಾರು ಹೇಳಿದ್ದು ಎಂದು. ಅಷ್ಟು ವರ್ಷಗಳ ಮೇಲೆ ಅಪ್ಪನಿಗೆ ಅವನು ಆಡಿದ ಮೊದಲ ಮಾತು ಅದು. ಮುಂದಿನದೆಲ್ಲ ತುಳುವಿನಲ್ಲೇ ನಡೆಯಿತು. ಕನ್ನಡದಲ್ಲಿ ಬರೆದರೆ ಅರ್ಧ ಖಾರ ಹೋಗುತ್ತದೆ. "ಇದಕ್ಕೆ ತೆಂಗಿನೆಣ್ಣೆ ಹಾಕ್ಲಿಕ್ಕೆ ನಿಮಗೆ ಯಾರು ಹೇಳಿದ್ದು?"

ಅಪ್ಪ ಫೋನ್ ಇಟ್ಟರೆ ಮುಗಿಯಿತು.

"ಹಿಂದಿನ ಎರಡೂ ಸೋರಿ ಖಾಲಿಯಾಗಿತ್ತು," ಅಂದರು ಅಪ್ಪ. "ಪೇಪರೆಲ್ಲ ಎಣ್ಣೆ. ಒತ್ತಿದರೆ ಟುಸುಕ್ ಟುಸುಕ್ ಹಾರ್ತದೆ. ಹಾಗೇ ಕೊಟ್ಟು ಕಳಿಸುವುದಾ?"

"ಅದಕ್ಕೆ ತಲೆಗೆ ಹಚ್ಚುವ ಎಣ್ಣೆಯಾ?"

"ಹೋಟೆಲಿನ ಗ್ರೈಂಡರಿಗೆ ಕೊನೆಯ ತನಕ ಅದೇ ಹಾಕಿದ್ದು. ಎಂತ ಆಗಿದೆ ಅದಕ್ಕೆ?"

"ಗ್ರೈಂಡರ್ ಹಾರ್ತದಾ, ಅಪ್ಪ?"

"ಅಪ್ಪ" ಎಂದ ತಮ್ಮ. ಅವನಿಗೆ ಗೊತ್ತಾಯಿತೋ ಇಲ್ಲವೋ, ನನಗಂತೂ ಗೊತ್ತಾಯಿತು.

"ಚಳಿಗೆ ಗಟ್ಟಿಯಾಗ್ತದೆ ಅಂತ ಗೊತ್ತಿಲ್ವಾ ನಿಮಗೆ? ದಿನಾ ಬಾಟ್ಲಿ ಬಿಸಿಲಿಗಿಡುವುದು ಯಾರು, ನಾನಾ?"

"ನಾನು ಹಾಕುವಾಗ ಮಧ್ಯಾಹ್ನ. ನೀರಿನ ಹಾಗೆ ಇತ್ತು. ಈಗ ಸ್ವಲ್ಪ ಹೊತ್ತು ಬಿಸಿಲಿಗಿಡು, ಕರಗ್ತದೆ."

"ಕರಗಿದ್ರೆ ತೀರಾ ತೆಳು ಆಗ್ತದೆ! ಇದಕ್ಕೆ ಬೇರೆಯೇ ಎಣ್ಣೆ ಉಂಟು, ಹೊರದೇಶದಿಂದ ಬರಬೇಕು..."

"ಎಂಥ ಎಣ್ಣೆ ಅದು? ಯಾಕೆ ಸೋರಿತು ಹಾಗಾದ್ರೆ? ಒಳಗಿನ ರಬ್ಬರು ಹೋಗಿದೆ, ನೋಡ್ಲಿಲ್ವಾ ನೀನು?"

ತಮ್ಮ ಬಾಗಿ ನೋಡಿದ. "ಹೋಗಿದೆ," ಎಂದು ಗೊಣಗಿದ. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ರಬ್ಬರು, ಸ್ಪ್ರಿಂಗು, ಉಲ್ಹಾಸನಗರದಲ್ಲಿ ಅಂಥ ರಬ್ಬರು ಸಿಗುತ್ತದೋ ಇಲ್ಲವೋ, ಸಿಕ್ಕರೂ ಅದು ಡುಪ್ಲಿಕೇಟೋ ಅಲ್ಲವೋ. ಇಬ್ಬರೂ ಕಿರುಚುತ್ತಿದ್ದರು. ಅತ್ತ ರೇಸು ಶುರುವಾಗಿ, ಅವನ ಸರದಿ ಬಂದು, ಕರೆದವರು ಕರೆದು ಸಾಕಾಗಿ ಬಿಟ್ಟು, ಮುಗಿದೂ ಹೋಯಿತು. ಅವನಿಗೆ ಅದರ ಪರಿವೆಯೇ ಇಲ್ಲ. ನನ್ನವರು ಸುಮ್ಮನೆ ಗಾಡಿಯನ್ನು ಬಿಸಿಲಿಗೆ ಎತ್ತಿಟ್ಟರು.

ಮದುವೆಯ ಮಾತು ಮಾತ್ರ ಇಬ್ಬರ ಬಾಯಲ್ಲೂ ಇಲ್ಲ! ನನಗೆ ಮೈ ಉರಿದುಹೋಯಿತು. ಅವನ ಅಂಗಿ ಜಗ್ಗಿ, ಕಲ್ಯಾಣ, ಕಲ್ಯಾಣ ಎಂದು ಬಾಯಿ ಆಡಿಸಿ ತೋರಿಸಿದೆ. ಅವನು ನನ್ನ ಕೈ ಕೊಡವಿದ. ಬೆನ್ನು ತಿರುಗಿಸಿ ನಿಂತ. ದನಿ ತಗ್ಗಿಸಿ, "ಬರುವ ಆದಿತ್ಯವಾರ ಕಲ್ಯಾಣಕ್ಕೆ ಬರ್ಲಿಕ್ಕುಂಟು ನೀವು. ಅಮ್ಮನನ್ನೂ ಕರ್ಕೊಂಡು," ಅಂದ. ಅಷ್ಟಕ್ಕೇ ಬಿಡಲಾರದೆ, "ಆ ಎಣ್ಣೆ ಮಾತ್ರ ಹಚ್ಚಿಕೊಂಡು ಬರ್ಬೇಡಿ," ಎಂದೂ ಸೇರಿಸಿದ.

"ಎಷ್ಟು ಗಂಟೆಗೆ?" ಎಂದರು ಅಪ್ಪ. ಈ ಸಲ ಕೂಗಲಿಲ್ಲ.

ಆ ಭಾನುವಾರ ಕಲ್ಯಾಣ ಸ್ಟೇಷನ್ನಿನ ಹೊರಗೆ ನಾವು ಮೂವರೂ ಕಾಯುತ್ತಿದ್ದೆವು. ತಮ್ಮ ಹೊಸ ಬಿಳಿ ಅಂಗಿ ಹಾಕಿದ್ದ, ಇಸ್ತ್ರಿ ಮುರಿಯಬಾರದೆಂದು ನೀರೂ ಕುಡಿಯದೆ ನಿಂತಿದ್ದ. ಅಪ್ಪ ಅಮ್ಮನ ಕೈ ಹಿಡಿದು ಮೆಟ್ಟಿಲಿಳಿದು ಬಂದರು. ಹತ್ತಿರ ಬರುವ ಮೊದಲೇ ವಾಸನೆ ಬಂತು. ತಲೆ ಮಿರಮಿರ ಮಿಂಚುತ್ತಿತ್ತು. ನನಗೆ ಅಲ್ಲೇ ಹಣೆ ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು. ತಮ್ಮ ಬಾಗಿ ಕಾಲು ಮುಟ್ಟಿ, ಎದ್ದವನು ಅಪ್ಪನ ತಲೆಯನ್ನೇ ನೋಡಿದ.

"ಹೇಳಿದ್ದೆನಲ್ಲ?"

"ಮಾತುಕತೆಗೆ ಒಣ ತಲೆಯಲ್ಲಿ ಹೋಗುವುದಾ? ಬೆಳಿಗ್ಗೆ ಗಟ್ಟಿಯಾಗಿತ್ತು, ಬಿಸಿಲಿಗಿಟ್ಟು ಕರಗಿಸಿ ಹಚ್ಚಿಕೊಂಡೆ," ಎಂದರು ಅಪ್ಪ. "ಗಾಡಿಗೆ ರಬ್ಬರು ಸಿಕ್ಕಿತಾ?"

ಇವರಿಬ್ಬರ ಕಥೆ ಇಷ್ಟೇ ಎಂದು ನಾನು ಅಮ್ಮನ ಕೈಯಿಂದ ಡಬ್ಬಿ ಇಸಿದುಕೊಂಡೆ. ಹಲಸಿನ ಹಪ್ಪಳ. ಈ ಸಲ ಅದು ನನಗೆ ಎಂದು ಯಾರೂ ಹೇಳಲಿಲ್ಲ. ಅಮ್ಮ, ನಾನು, ನನ್ನವರು ಮುಂದಿನ ರಿಕ್ಷಾ ಹತ್ತಿದೆವು. ಅಪ್ಪ, ತಮ್ಮ ಹಿಂದಿನದು. ಕಲ್ಯಾಣದ ರಸ್ತೆ ಗೊತ್ತಿದ್ದದ್ದೇ, ಗುಂಡಿಯಿಂದ ಗುಂಡಿಗೆ ಎತ್ತಿ ಎತ್ತಿ ಹಾಕುತ್ತದೆ. ಹುಡುಗಿಯ ಮನೆಯ ಮುಂದೆ ಇಳಿದಾಗ ತಮ್ಮನ ಬಿಳಿ ಅಂಗಿಯ ಭುಜದ ಮೇಲೆ ಅಂಗೈಯಗಲ ಎಣ್ಣೆಯ ಕಲೆ.

ನಾನು ಸೆರಗಿನಿಂದ ಒರೆಸಲು ಹೋದೆ. "ಇರ್ಲಿ ಬಿಡು ಅಕ್ಕ, ಅಪ್ಪನಿಗೆ ರಿಕ್ಷಾದಲ್ಲಿ ನಿದ್ದೆ ಬಂತು," ಎಂದು ನನ್ನ ಕೈ ಸರಿಸಿ, ಆ ಕಲೆಯ ಸಮೇತ ಮೆಟ್ಟಿಲು ಹತ್ತಿದ.